ಗುರುತಿಲ್ಲದ ಊರು ಬೇಕಿತ್ತು

ಶಿರಸಿಗೆ ಬಂದ ಮೊದಲ ದಿನವೇ ನಾನು ಗುರುತು ಪರಿಚಯವಿಲ್ಲದವರ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ಬಾಡಿಗೆ ಮನೆ ಹುಡುಕುತ್ತಾ ಒಂದು ಮನೆಯ ಬಾಗಿಲು ತಟ್ಟಿದ್ದೆ. ಪಕ್ಕದಲ್ಲಿ ಪಲ್ಲವಿ ನನ್ನ ಸೆರಗು ಹಿಡಿದು ನಿಂತಿದ್ದಳು. ಒಳಗಿನಿಂದ ಬಂದ ವಯಸ್ಸಾದ ಹೆಂಗಸು ಇಬ್ಬರನ್ನೂ ನೋಡಿ, "ಬಾರೆ ತಂಗಿ, ಕೂತ್ಗ. ಆಸರಿಗೆ ಎಂತ ಕೊಡ್ಲಿ?" ಎಂದರು. ನನ್ನ ಕಿವಿಗೆ ಬಿದ್ದದ್ದು 'ಆಸರೆ'. ಯಾವ ಆಸರೆ ಬೇಕು ಎಂದು ಅವರು ಕೇಳುತ್ತಿದ್ದಾರೆ ಅಂದುಕೊಂಡೆ. ಊರು ಬಿಟ್ಟಾಗ ಬಾರದ ಅಳು ಅಲ್ಲಿ ಬಂತು. ಆ ತಾಯಿ ಗಾಬರಿಯಾಗಿ, "ಅಯ್ಯ, ಕುಡಿಯಲೆ ಎಂತ ಬೇಕು ಕೇಳಿದ್ದು, ಮಜ್ಜಿಗೆಯೋ ಚಹವೋ ಹೇಳಿ" ಎಂದು ಒಳಗೋಡಿ ಮಜ್ಜಿಗೆ ತಂದುಕೊಟ್ಟರು. ಬಾಯಾರಿ ಬಂದವರಿಗೆ ಕೊಡುವುದಕ್ಕೆ ಇಲ್ಲಿನ ತೋಟದ ಮನೆಯವರ ಮಾತಿನಲ್ಲಿ ಆಸರಿ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಮಜ್ಜಿಗೆ ಸಿಕ್ಕಿತು, ಮನೆ ಸಿಗಲಿಲ್ಲ. ಗಂಡಸರಿಲ್ಲದ ಸಂಸಾರಕ್ಕೆ ಅವರ ಯಜಮಾನರು ಬಾಡಿಗೆಗೆ ಕೊಡುವುದಿಲ್ಲವಂತೆ.

ನಾನು ವಿಜಯಪುರದ ಕಡೆಯವಳು. ಅಷ್ಟು ದೂರದ ಶಿರಸಿಗೆ ಯಾಕೆ ಹೋದಿರಿ ಎಂದು ಊರಿನವರು ಈಗಲೂ ಕೇಳುತ್ತಾರೆ. ಕೇಳುವವರಲ್ಲಿ ಅರ್ಧ ಜನಕ್ಕೆ ಉತ್ತರ ಗೊತ್ತು. ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಲ್ಲವಿಯ ಒಪ್ಪಿಗೆ ಕೇಳಿದ್ದೇನೆ. "ಬರಿ, ಆದ್ರೆ ನನ್ನ ಹೆಸರು ಬೇಡ. ಪಲ್ಲವಿ ಅಂತ ಹಾಕು, ಆ ಹೆಸರು ನಂಗೆ ಮೊದಲಿಂದ ಇಷ್ಟ" ಎಂದಿದ್ದಾಳೆ. ನನಗೆ ಕಸ್ತೂರಿ ಎಂಬ ಹೆಸರು ಕೊಟ್ಟವಳೂ ಅವಳೇ.

ಪಲ್ಲವಿ ನನ್ನ ತಂಗಿಯ ಮಗಳು. ತಂಗಿಯೂ ಅವಳ ಗಂಡನೂ ಎಚ್‌ಐವಿಯಿಂದ ತೀರಿಹೋದರು. ಕಾಯಿಲೆ ಏನೆಂದು ತಿಳಿಯುವ ಹೊತ್ತಿಗೆ ಔಷಧಿಯ ಕಾಲ ಮೀರಿತ್ತು. ಮಗುವಿಗೂ ಹುಟ್ಟಿನಿಂದಲೇ ಬಂದಿತ್ತು. ಆದರೆ ಮಗುವಿಗೆ ಔಷಧಿ ಸಮಯಕ್ಕೆ ಸಿಕ್ಕಿತು. ಸರ್ಕಾರ ಪುಕ್ಕಟೆ ಕೊಡುವ ಗುಳಿಗೆ ಅದು, ಬದುಕಿರುವವರೆಗೆ ದಿನವೂ ತಪ್ಪದೆ ನುಂಗಬೇಕು. ನುಂಗುತ್ತಿದ್ದರೆ ರೋಗ ಒಳಗೇ ಮಲಗಿರುತ್ತದೆ, ಎಲ್ಲರಂತೆ ಬಾಳಬಹುದು. ಬಿಟ್ಟರೆ ಏಳುತ್ತದೆ. ನನಗೆ ಮದುವೆಯಾಗಿರಲಿಲ್ಲ. ಮಗುವನ್ನು ನಾನು ಇಟ್ಟುಕೊಂಡೆ. ದೊಡ್ಡವ್ವ ಎಂದು ಕರೆಯಲು ಕಲಿತಳು.

ಆಗ ನಾನು ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದೆ. ಮಗುವಿನ ಸುದ್ದಿ ಹೇಗೋ ಹೊರಬಿತ್ತು. ಮಕ್ಕಳು ಒಬ್ಬೊಬ್ಬರಾಗಿ ಮನೆಯಿಂದ ಡಬ್ಬಿ ತರತೊಡಗಿದರು. ನಾನು ಮಾಡಿದ ಸಾರು ಪಾತ್ರೆಯಲ್ಲೇ ತಣ್ಣಗಾಗುತ್ತಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಮುಖ್ಯೋಪಾಧ್ಯಾಯರು ಕರೆದು, "ಕಸ್ತೂರವ್ವ, ಒಂದಿಷ್ಟು ದಿನ ಬರಬ್ಯಾಡ್ರಿ, ಮಂದಿ ಬಾಯಿ ತಣ್ಣಗಾಗಲಿ" ಎಂದರು. ಮಂದಿಯ ಬಾಯಿ ತಣ್ಣಗಾಗುವಷ್ಟರಲ್ಲಿ ಇನ್ನೊಬ್ಬಳು ಆ ಒಲೆಯ ಮುಂದೆ ಕೂತಿದ್ದಳು. ಮನೆಯಲ್ಲಿ ಅಣ್ಣನ ಹೆಂಡತಿ ಮಗುವಿಗೆಂದು ಒಂದು ತಟ್ಟೆಯನ್ನು ಬೇರೆ ಇಟ್ಟಳು. ಅವಳು ಕೆಟ್ಟವಳಲ್ಲ, ಹೆದರಿದವಳು. ಆದರೆ ಮಗು ಆ ತಟ್ಟೆಯನ್ನು ತನ್ನದೆಂದು ಗುರುತಿಸಿ ತಾನೇ ಹೋಗಿ ತಂದುಕೊಳ್ಳುವುದನ್ನು ನೋಡಿದ ದಿನ, ನಮ್ಮ ಗುರುತಿಲ್ಲದ ಊರೊಂದು ಬೇಕು ಅನ್ನಿಸಿತು.

ನಮ್ಮ ಕಡೆಯ ಮೇಷ್ಟ್ರೊಬ್ಬರು ಶಿರಸಿಗೆ ವರ್ಗವಾಗಿದ್ದರು. ಅನ್ನ ಉಂಡು ಉಂಡು ಸಾಕಾಗಿದೆ, ಇಲ್ಲಿ ಜೋಳದ ರೊಟ್ಟಿ ಬಡಿಯುವವರಿಲ್ಲ ಎಂದು ಊರಿಗೆ ಬಂದಾಗಲೆಲ್ಲ ಗೋಳಾಡುತ್ತಿದ್ದರು. ಅವರ ಮಾತನ್ನೇ ಹಿಡಿದು ಹೊರಟೆ.

ಮನೆ ಕೊಟ್ಟವರು ಜೈತೂನಬಿ. ಗಂಡ ಲಾರಿ ಓಡಿಸುತ್ತಾರೆ, ಶಿರಸಿ, ಯಲ್ಲಾಪುರ, ಹುಬ್ಬಳ್ಳಿ. ಮನೆಯ ಹಿಂದಿನ ಒಂದು ಕೋಣೆ, ಒಂದು ಅಡುಗೆ ಚೌಕ. ಜೈತೂನಬಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೋಡ್ಕೊಂಡು ಹೋಗ್ಲಿಕ್ಕೆ ಬಂದ್ರಾ, ಇರ್ಲಿಕ್ಕೆ ಬಂದ್ರಾ?" ಎಂದರು. "ಇರಾಕ್ರಿ" ಎಂದೆ. "ಹಾಗಾದ್ರೆ ಚಪ್ಪಲಿ ಬಿಚ್ಚಿ ಒಳಗೆ ಬನ್ನಿ" ಎಂದರು. ಗಂಡಸರು ಎಲ್ಲಿ ಎಂದು ಕೇಳಲಿಲ್ಲ. ಅವರ ಗಂಡಸೂ ತಿಂಗಳಲ್ಲಿ ಬಹಳ ದಿನ ರಸ್ತೆಯ ಮೇಲೆಯೇ ಇರುತ್ತಿದ್ದರು.

ಮೊದಲ ದಿನಗಳಲ್ಲಿ ರೊಟ್ಟಿಯೇ ನನ್ನ ಕೈಬಿಟ್ಟಿತು. ಇಲ್ಲಿ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಹಳೆಯ ಹಿಟ್ಟು, ಅದರಲ್ಲಿ ಜಿಗಿ ಇರಲಿಲ್ಲ. ಎಷ್ಟೇ ಕುದಿನೀರು ಹಾಕಿ ನಾದಿದರೂ ಬಡಿಯುವಾಗ ಅಂಚು ಒಡೆಯುತ್ತಿತ್ತು. ಹತ್ತು ವರ್ಷದವಳಿದ್ದಾಗಿನಿಂದ ರೊಟ್ಟಿ ಬಡಿದ ನನಗೆ ಹೊಸಬಳಂತೆ ನಾಚಿಕೆಯಾಯಿತು. ಜೈತೂನಬಿ ಒಡೆದ ರೊಟ್ಟಿಗಳನ್ನು ನೋಡಿ ಗಂಡನಿಗೆ ಹೇಳಿದರು. ಅವರು ಹುಬ್ಬಳ್ಳಿಯಿಂದ ಹೊಸ ಜೋಳ ತಂದುಕೊಟ್ಟರು. ಆ ದಿನ ರೊಟ್ಟಿ ಉಬ್ಬಿದ್ದನ್ನು ನೋಡಿ ಪಲ್ಲವಿ ಚಪ್ಪಾಳೆ ತಟ್ಟಿದಳು. ಮೇಷ್ಟ್ರ ಮನೆಗೆ, ಅವರಿಂದ ಇನ್ನೊಬ್ಬರಿಗೆ, ಮತ್ತೆ ಎರಡು ಖಾನಾವಳಿಗಳಿಗೆ ನನ್ನ ರೊಟ್ಟಿ ಹೋಗತೊಡಗಿತು. ನನ್ನ ಹೆಸರು ರೊಟ್ಟಿ ಅಕ್ಕ ಎಂದಾಯಿತು. ಊಟದ ಜೊತೆ ಇವರು ಕುಡಿಯುವ ಅಪ್ಪೆಹುಳಿ, ಅಂದರೆ ಕಾಡುಮಾವಿನ ಕಾಯಿಯ ನೀರಾದ ಹುಳಿ, ನನಗೆ ಈಗಲೂ ಒಗ್ಗಿಲ್ಲ. ಪಲ್ಲವಿಗೆ ಅದಿಲ್ಲದೆ ಊಟ ಇಳಿಯುವುದಿಲ್ಲ.

ಗುಳಿಗೆಯ ವಿಷಯದಲ್ಲಿ ನಾನು ಜೈತೂನಬಿಗೆ ಥೈರಾಯ್ಡ್ ಎಂದು ಹೇಳಿದ್ದೆ. ಎಲ್ಲೋ ಕೇಳಿದ ಹೆಸರು. ಅವರಿಗೇ ಥೈರಾಯ್ಡ್ ಇರಬೇಕೇ! "ನಾನು ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೊಳ್ತೀನಿ, ನಿಮ್ಮ ಹುಡುಗಿ ಯಾಕೆ ಸಂಜೆ ಊಟ ಆದ್ಮೇಲೆ ತಗೊಳ್ತಾಳೆ? ಡಾಕ್ಟ್ರು ತಪ್ಪು ಹೇಳಿದಾರೆ, ನಮ್ಮ ಡಾಕ್ಟ್ರ ಹತ್ರ ಹೋಗೋಣ ನಡೀರಿ" ಎಂದು ಬುರ್ಖಾ ಹಾಕಿಕೊಂಡು ಹೊರಟೇಬಿಟ್ಟರು. ಹೇಗೋ ತಡೆದೆ. ಆಮೇಲೆ ರಕ್ತ ಕಡಿಮೆ ಎಂದೆ. ಅದಕ್ಕೆ ಅವರು ಖರ್ಜೂರ ಕೊಡತೊಡಗಿದರು. ಒಂದು ಸುಳ್ಳು ಹೇಳುವುದು ಕಷ್ಟವಲ್ಲ. ಅದನ್ನು ವರ್ಷಗಟ್ಟಲೆ ಸಾಕುವುದರಲ್ಲಿ ಜೀವ ಸವೆಯುತ್ತದೆ.

ಈ ಗುಳಿಗೆ ಕೊಡುವ ಶಿರಸಿ ಆಸ್ಪತ್ರೆಯ ಔಷಧಿ ಕೇಂದ್ರದ ಬೆಂಚಿನ ಮೇಲೆ ಮೊದಲ ಸಲ ಕೂತಾಗ ನನಗಾದ ನೆಮ್ಮದಿಯನ್ನು ಹೇಗೆ ಹೇಳಲಿ! ಊರ ಕಡೆಯ ಆಸ್ಪತ್ರೆಯಲ್ಲಿ ಪರಿಚಿತರು ಕಂಡಾರೆಂದು ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂರುತ್ತಿದ್ದೆ. ಇಲ್ಲಿ ಮುಖ ತೆರೆದು ಕೂತೆ. ಆದರೆ ಅಕ್ಕಪಕ್ಕದವರು ಗೋಡೆಯ ಕಡೆ ತಿರುಗಿದ್ದರು. ಅವರಿಗೆ ಇದು ಸ್ವಂತ ಊರು. ನಿಧಾನಕ್ಕೆ ಅರ್ಥವಾಯಿತು. ಇಲ್ಲಿಯವರು ಕೆಲವರು ಗುಳಿಗೆಗಾಗಿ ಹುಬ್ಬಳ್ಳಿಗೆ ಹೋಗುತ್ತಾರೆ, ಸಿದ್ದಾಪುರದವರು ಪಕ್ಕದ ಸಾಗರ ಪಟ್ಟಣವನ್ನೂ ದಾಟಿ ಹೋಗುತ್ತಾರೆ, ನಾನು ವಿಜಯಪುರದಿಂದ ಇಲ್ಲಿಗೆ ಬಂದಿದ್ದೇನೆ. ಹೋಗಲು ಬಸ್ಸಿನ ದುಡ್ಡಿಲ್ಲದವರು ಮಾತ್ರ ತಮ್ಮೂರಲ್ಲೇ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಯಲ್ಲಾಪುರದ ಕಾಡಿನ ಕಡೆಯಿಂದ ಬರುವ ಒಬ್ಬಾಕೆ ಬಸ್ಸಿಗಾಗಿ ಮೈಲಿಗಟ್ಟಲೆ ನಡೆಯುತ್ತಿದ್ದರು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಬರುತ್ತಿರಲಿಲ್ಲ. ಒಂದು ಮಳೆಗಾಲ ಕಳೆದ ಮೇಲೂ ಬರಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಆ ಬೆಂಚಿನ ಮೇಲೆ ಯಾರೂ ಯಾರನ್ನೂ ಕೇಳುವುದಿಲ್ಲ.

ಗುರುತಿಲ್ಲದ ಊರು ಗುರುತಿಲ್ಲದೆಯೇ ಉಳಿಯುತ್ತದೆ ಎಂದು ನಂಬಿದ್ದೆ. ಹಾಗಾಗಲಿಲ್ಲ. ರೊಟ್ಟಿ ಅಕ್ಕನನ್ನು ತರಕಾರಿಯವರು ಬಲ್ಲರು, ಕಂಡಕ್ಟರುಗಳು ಬಲ್ಲರು. ಒಂದು ದಿನ ಆಸ್ಪತ್ರೆಯ ಅಂಗಳದಲ್ಲಿ ಖಾನಾವಳಿಯ ಮಾಲೀಕರು ಎದುರಾಗಿ, "ಎಂತ ಅಕ್ಕಾ, ಆರಾಮಿಲ್ವಾ?" ಎಂದು ಪ್ರೀತಿಯಿಂದ ಕೇಳಿದಾಗ ಕೈಯಲ್ಲಿದ್ದ ಚೀಟಿಯನ್ನು ಸೆರಗಿನೊಳಗೆ ಅಡಗಿಸಿದೆ. ಶಿರಸಿಯಲ್ಲೂ ನಾನು ಸೆರಗು ಎಳೆದುಕೊಳ್ಳತೊಡಗಿದೆ. ಬೇರೂರುವುದು ಅಂತ ಊರಿನಲ್ಲಿರುವ ನೀವು ಖುಷಿಯಿಂದ ಹೇಳುತ್ತೀರಲ್ಲ, ನನ್ನಂಥವರಿಗೆ ಅದರ ಜೊತೆಗೇ ಬಚ್ಚಿಡುವ ಕೆಲಸವೂ ಬೆಳೆಯುತ್ತದೆ.

ಪಲ್ಲವಿಗೆ ಕಾಯಿಲೆಯ ಹೆಸರನ್ನು ಕೇಂದ್ರದಲ್ಲಿ ಸಲಹೆ ಕೊಡುವ ಮೇಡಂ ಅವಳಿಗೆ ತಿಳಿಯುವ ವಯಸ್ಸಿನಲ್ಲಿ ತಿಳಿಯುವ ಹಾಗೆ ಹೇಳಿದ್ದರು. ಅವಳು ಅಳಲಿಲ್ಲ. ಶಾಲೆ ಮುಗಿಸಿದಳು, ಪಿಯುಸಿ ಪಾಸಾದಳು. ಆಮೇಲೆ ಸಿದ್ದಾಪುರದ ಕಾಲೇಜಿಗೆ ಸೇರುತ್ತೇನೆ, ಹಾಸ್ಟೆಲಿನಲ್ಲಿ ಇರುತ್ತೇನೆ ಎಂದಳು. ಶಿರಸಿಯಲ್ಲೇ ಕಾಲೇಜಿದೆಯಲ್ಲ ಎಂದರೆ, "ನೀನು ಊರು ಬಿಟ್ಟು ಬಂದಿಲ್ವಾ? ನಾನು ಬರೀ ಸಿದ್ದಾಪುರಕ್ಕೆ ಹೋಗೋದಪ್ಪ" ಎಂದಳು. ನನ್ನ ಕಣ್ಣಿನಿಂದ ದೂರ ಹೋಗಬೇಕಿತ್ತು ಅವಳಿಗೆ. ಮೂರು ವರ್ಷದ ಮಗುವಾಗಿದ್ದಾಗಿನಿಂದ ಪ್ರತಿ ಸಂಜೆ "ಗುಳಿಗಿ ತಗೊಂಡಿ?" ಎಂದು ಕೇಳುವ ಕಣ್ಣು ಇದು. ಕಳಿಸಿದೆ.

ಎರಡನೆಯ ವರ್ಷದ ದೀಪಾವಳಿ ರಜೆಗೆ ಬಂದಾಗ ಅವಳ ಕೆನ್ನೆ ಒಳಗೆ ಹೋಗಿತ್ತು. ಹಾಸ್ಟೆಲಿನ ಊಟ ಎಂದಳು. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಖಾರ ತಿನ್ನಲಾಗದೆ ತಟ್ಟೆ ಸರಿಸಿದಾಗ, ಬಾಯಿ ತೆರೆ ಎಂದೆ. ನಾಲಿಗೆಯ ಮೇಲೆ ಮೊಸರು ಮೆತ್ತಿದ ಹಾಗೆ ಬಿಳಿ ಕಟ್ಟಿತ್ತು. ನನ್ನ ತಂಗಿಯ ಬಾಯಿ ಕೊನೆಯಲ್ಲಿ ಹೀಗೇ ಇತ್ತು. ನಾನು ಒಲೆಯ ಮೇಲಿನ ಹಂಚನ್ನು ಹಾಗೇ ಬಿಟ್ಟು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ರಕ್ತದಲ್ಲಿ ವೈರಸ್ ಏರಿತ್ತು. ಮೇಡಂ ಮೊದಲು ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು, ಆಮೇಲೆ ನನ್ನನ್ನು ಒಳಗೆ ಕರೆದರು.

"ಬಿಟ್ಟಿದ್ದೆ ದೊಡ್ಡಮ್ಮ," ಎಂದಳು ಪಲ್ಲವಿ. ದೊಡ್ಡವ್ವ ಯಾವಾಗಲೋ ದೊಡ್ಡಮ್ಮ ಆಗಿದ್ದೆ. "ಮಳೆಗಾಲ ಶುರುವಾದಾಗಿಂದ ತಗೊಳ್ತಾ ಇರ್ಲಿಲ್ಲ. ಚರಂಡಿಗೆ ಹಾಕ್ತಿದ್ದೆ."

"ಯಾಕ?"

"ಸಾಕಾಯ್ತು."

ಆಮೇಲೆ ಉಳಿದದ್ದನ್ನು ಹೇಳಿದಳು. ಅವಳ ಕೋಣೆಯಲ್ಲಿ ಯಲ್ಲಾಪುರದ ಕಡೆಯ ಭಾರತಿ ಎಂಬ ಹುಡುಗಿ ಇದ್ದಳು, ತೋಟದ ಮನೆಯವಳು, ಬಹಳ ಸ್ನೇಹ. ಅವಳು ಒಂದು ಸಂಜೆ ಗುಳಿಗೆ ನೋಡಿ ಇದೆಂಥದ್ದು ಎಂದು ಕೇಳಿದಳಂತೆ. ಪಲ್ಲವಿಗೆ ಥಟ್ಟನೆ ಹೊಳೆದದ್ದು, ಕೂದಲು ಬೆಳೆಯುವುದಕ್ಕೆ. ಭಾರತಿ ಪಲ್ಲವಿಯ ಜಡೆ ಮುಟ್ಟಿ ನೋಡಿ, "ಹೌದಲೇ! ಯಂಗೂ ಒಂದು ಕೊಡೇ, ಯನ್ನ ಕೂದ್ಲು ಪೂರಾ ಉದುರಿ ಹೋಗ್ತಾ ಇದ್ದು" ಎಂದಳಂತೆ. ನಾಳೆ ಕೊಡುತ್ತೇನೆ, ನಾಡಿದ್ದು ಕೊಡುತ್ತೇನೆ ಎಂದು ತಪ್ಪಿಸಿಕೊಂಡಳು. ಒಂದು ದಿನ ಭಾರತಿ ತಾನೇ ಪೆಟ್ಟಿಗೆಗೆ ಕೈಹಾಕಿದಳು. ಪಲ್ಲವಿ ಕಸಿದುಕೊಂಡಳು. ಎರಡು ದಿನ ಮಾತು ಬಿಟ್ಟರು. ಆಮೇಲೆ ಡಬ್ಬಿಯೇ ಕಾಣದ ಹಾಗೆ ಮಾಡಿದಳು, ನುಂಗುವುದನ್ನೂ ಬಿಟ್ಟಳು. ಬಿಟ್ಟ ಮೇಲೆ ಕೆಲವು ತಿಂಗಳು ಏನೂ ಆಗಲಿಲ್ಲ. "ಎಷ್ಟು ಹಗುರ ಅನ್ನಿಸ್ತಿತ್ತು ಗೊತ್ತಾ? ಎಲ್ಲರ ಹಾಗೆ ಊಟ ಮಾಡಿ ಮಲಗೋದು," ಎಂದಳು.

ಕೂದಲಿನ ಕಥೆಗೆ ಮೇಡಂ ತುಟಿಯಂಚಿನಲ್ಲಿ ನಗು ತಡೆದುಕೊಂಡದ್ದು ಕಂಡಿತ್ತು. ನನಗೆ ನಗು ಬರಲಿಲ್ಲ. "ಬೈಬೇಡಿ ಅಕ್ಕಾ," ಎಂದರು ಅವರು. "ಬಿಟ್ಟಿದ್ದನ್ನ ಬಾಯ್ಬಿಟ್ಟು ಹೇಳಿದ್ಲಲ್ಲ. ಎಷ್ಟೋ ಜನ ಹೇಳೂದೇ ಇಲ್ಲ, ನಮಗೆ ಗೊತ್ತಾಗೂದು ಕೊನೆಗೆ." ಬಾಯಿಯ ಹುಣ್ಣಿಗೆ ಔಷಧಿ ಕೊಡಿಸಿ, ಈಗಿನಿಂದ ತಪ್ಪದೆ ತೆಗೆದುಕೊಂಡು ಕೆಲವು ತಿಂಗಳ ಮೇಲೆ ಮತ್ತೆ ರಕ್ತ ನೋಡೋಣ, ಇಳಿಯದಿದ್ದರೆ ಗುಳಿಗೆ ಬದಲಿಸಬೇಕಾಗುತ್ತದೆ ಎಂದರು. ಆಮೇಲೆ ಪಲ್ಲವಿಯ ಕಡೆ ತಿರುಗಿ, "ಹಾಸ್ಟೆಲಲ್ಲಿ ಯಾರಾದ್ರೂ ಒಬ್ರಿಗೆ ಹೇಳ್ಲಿಕ್ಕೆ ಆಗ್ತದಾ? ನಿಂಗೆ ಇಷ್ಟ ಇದ್ರೆ ಮಾತ್ರ" ಎಂದರು.

"ಬ್ಯಾಡ್ರಿ," ಎಂದೆ ನಾನು.

"ನೀ ಸುಮ್ನಿರು ದೊಡ್ಡಮ್ಮ," ಎಂದಳು ಅವಳು.

ಮನೆಗೆ ನಡೆದು ಬರುವಾಗ ನನ್ನ ನಾಲಿಗೆ ಹಿಡಿತ ತಪ್ಪಿತು. "ನಿಮ್ಮವ್ವ ಗುಳಿಗಿ ಸಿಗದ ಸತ್ತಳು. ನೀ ಸಿಕ್ಕದ್ದನ್ನ ಗಟಾರಕ್ಕ ಚೆಲ್ಲಿದಿ" ಎಂದೆ. ಅವಳು ರಸ್ತೆಯಲ್ಲೇ ನಿಂತಳು. "ನೀನು ಒಂದಾದ್ರೂ ನುಂಗಿದೀಯಾ? ನಾಳೆನೂ ನುಂಗಬೇಕು, ಮದುವೆ ಆದ್ರೂ ನುಂಗಬೇಕು, ಮುದುಕಿ ಆದ್ರೂ ನುಂಗಬೇಕು. ನಿಂಗೇನು, ಕೇಳೋದಷ್ಟೇ ಕೆಲಸ" ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಕೇಳುವ ಕೆಲಸದಲ್ಲಿ ನಾನೂ ದಣಿದಿದ್ದೆ. ಯಾವ ಸಂಜೆಯೂ ನನಗೆ ಬರೀ ಸಂಜೆಯಾಗಿ ಬಂದದ್ದಿಲ್ಲ. ಮನೆಗೆ ಬಂದು ಅವಳು ತಾನೇ ಗಂಜಿ ಮಾಡಿಕೊಂಡಳು, ನನಗೂ ಒಂದು ಬಟ್ಟಲು ಇಟ್ಟಳು, ನನ್ನೆದುರೇ ಗುಳಿಗೆ ನುಂಗಿದಳು. ನಾನು ಕೇಳಲಿಲ್ಲ.

ಹುಷಾರಾಗಿ ಹಾಸ್ಟೆಲಿಗೆ ಮರಳಿದ ವಾರದಲ್ಲಿ ಅವಳು ಭಾರತಿಗೆ ಹೇಳಿದಳು. ಫೋನಿನಲ್ಲಿ ನನಗೆ ಸುದ್ದಿ ಮುಟ್ಟಿಸಿದಾಗ ನಾನು ಹಿಟ್ಟಿನ ಕೈಯಲ್ಲೇ ಒಲೆ ಆರಿಸಿದೆ. ಶಾಲೆಯ ಆ ತಣ್ಣಗಾದ ಸಾರಿನ ಪಾತ್ರೆಯೇ ಕಣ್ಣಿಗೆ ಬಂತು. ಇನ್ನು ಇಲ್ಲಿಂದ ಎಲ್ಲಿಗೆ ಹೋಗುವುದು ಎಂದು ಯೋಚಿಸತೊಡಗಿದೆ.

"ಏನಂದ್ಲು?" ಎಂದೆ.

"ಮೊದಲು ಎದ್ದು ಬಾಗಿಲು ಹಾಕಿದ್ಲು. ಆಮೇಲೆ 'ಯಂಗೆ ಬತ್ತಾ?' ಕೇಳಿದ್ಲು, ತನಗೂ ಬರುತ್ತಾ ಅಂತ. ಒಟ್ಟಿಗೆ ಇದ್ರೆ, ಉಂಡ್ರೆ ಬರಲ್ಲ ಅಂದೆ. ಮಲ್ಕೊಂಡ್ಲು."

ಮಾರನೆಯ ದಿನ ಭಾರತಿ ತನ್ನ ಊರಿಗೆ ಹೋದಳು. ಅವಳು ಅಲ್ಲಿ ಇದ್ದಷ್ಟು ದಿನವೂ ನಾನು ಬಾಗಿಲ ಸದ್ದಿಗೆ ಬೆಚ್ಚುತ್ತಿದ್ದೆ. ಖಾನಾವಳಿಯವರು ರೊಟ್ಟಿ ಬೇಡ ಎಂದು ಹೇಳಿ ಕಳಿಸುತ್ತಾರೆ ಎಂದು ಕಾದೆ. ಯಾರೂ ಬರಲಿಲ್ಲ. ಭಾರತಿ ಹಾಸ್ಟೆಲಿಗೆ ತಿರುಗಿ ಬಂದಳು. ಕೋಣೆ ಬದಲಿಸಲಿಲ್ಲ. ಮನೆಯಲ್ಲಿ ಹೇಳಿರಲಿಲ್ಲ. ಆದರೆ ಅಲ್ಲಿಯವರೆಗೆ ಇಬ್ಬರೂ ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತಿದ್ದವರು, ಈಗ ಅವಳು ತನಗೇ ಒಂದು ಹೊಸ ಬಾಟಲಿ ತಂದಿದ್ದಳು. ಅದನ್ನು ಪಲ್ಲವಿಯ ಕೈಗೆ ಸಿಗದ ಕಡೆ ಇಡುತ್ತಿದ್ದಳು. ಮತ್ತು ಪ್ರತಿ ಸಂಜೆ ಊಟ ಮುಗಿದ ಮೇಲೆ, ಪುಸ್ತಕದಿಂದ ತಲೆ ಎತ್ತದೆ, "ಗುಳಿಗೆ ಆತನೇ?" ಎಂದು, ಅಂದರೆ ತಗೊಂಡಾಯಿತೇ ಎಂದು, ಕೇಳುತ್ತಿದ್ದಳು.

ಒಮ್ಮೆ ಊರಿಗೆ ಹೋಗುವ ದಾರಿಯಲ್ಲಿ ಅವಳು ಪಲ್ಲವಿಯ ಜೊತೆ ನಮ್ಮ ಮನೆಗೆ ಬಂದಳು. ಸಣ್ಣ ಮುಖದ, ಚುರುಕು ಕಣ್ಣಿನ ಹುಡುಗಿ. ಕೂದಲು ನಿಜಕ್ಕೂ ತೆಳ್ಳಗಿತ್ತು. ನಾನು ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ನಮ್ಮ ತಟ್ಟೆಯಲ್ಲೇ ಉಂಡಳು, ಇನ್ನೊಂದು ಕೇಳಿ ಹಾಕಿಸಿಕೊಂಡಳು. ನೀರನ್ನು ಮಾತ್ರ ತನ್ನ ಚೀಲದ ಬಾಟಲಿಯಿಂದ ಕುಡಿದಳು. ನನ್ನ ಮೈ ಉರಿಯಿತು. ಹೊರಡುವಾಗ ಅವಳು ಚಪ್ಪಲಿ ಹಾಕಿಕೊಳ್ಳುತ್ತಾ, "ಆನು ಇಲ್ಲೆ ಹೇಳಿ ಮರೆಯಡ ಮತ್ತೆ" ಎಂದು ಪಲ್ಲವಿಗೆ ಹೇಳಿದಳು. ನಾನಿಲ್ಲ ಎಂದು ಗುಳಿಗೆ ಮರೆಯಬೇಡ ಎಂಬ ಮಾತದು. ಅವಳು ಹೋದ ಮೇಲೆ ಬಾಟಲಿಯ ವಿಷಯ ತೆಗೆದೆ.

"ಇರ್ಲಿ ಬಿಡು," ಎಂದಳು ಪಲ್ಲವಿ. "ಹೆದರಿಕೆ ಆಗ್ತದೆ ಅವಳಿಗೆ. ಹೆದ್ರಿಕೊಂಡೇ ನನ್ನ ಜೊತೆ ಇದಾಳಲ್ಲ."

ಮತ್ತೆ ರಕ್ತ ನೋಡಿದಾಗ ವೈರಸ್ ಇಳಿದಿತ್ತು. ಗುಳಿಗೆ ಬದಲಿಸುವ ಅಗತ್ಯವಿಲ್ಲ ಎಂದರು ಮೇಡಂ. ನನಗೆ ಸಂತೋಷವಾಗಬೇಕಿತ್ತು. ಬಂದದ್ದು ನಿದ್ದೆ. ಪಲ್ಲವಿಯನ್ನು ಸಿದ್ದಾಪುರದ ಬಸ್ಸಿಗೆ ಹತ್ತಿಸಿ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತವಳು ಅಲ್ಲೇ ಕಣ್ಣು ಮುಚ್ಚಿದೆ. ಎಚ್ಚರವಾದಾಗ ಯಾರೋ ನನ್ನ ಚೀಲ ಬಿದ್ದುಹೋಗದ ಹಾಗೆ ಮಡಿಲ ಮೇಲೆ ಎತ್ತಿಟ್ಟಿದ್ದರು.

ಕಳೆದ ಬೇಸಿಗೆಯಲ್ಲಿ ಅಣ್ಣ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದ. ಬಹಳ ವರ್ಷಗಳ ಮೇಲೆ ಇಬ್ಬರೂ ಊರಿಗೆ ಬಂದೆವು. ನಿಮ್ಮಲ್ಲಿ ಕೆಲವರು ಅಲ್ಲಿ ನಮ್ಮನ್ನು ನೋಡಿದ್ದೀರಿ. ಊಟಕ್ಕೆ ಎಲ್ಲರಿಗೂ ಪೇಪರ್ ತಟ್ಟೆ. ಹಾಗಾಗಿ ಯಾರ ಮನಸ್ಸಿನಲ್ಲಿ ಏನಿತ್ತೋ ತಿಳಿಯುವ ದಾರಿಯಿರಲಿಲ್ಲ. ಪಲ್ಲವಿ ಮಾತಾಡಿದರೆ ಅಣ್ಣನ ಮಕ್ಕಳು ನಗುತ್ತಿದ್ದರು. "ಎಂತ ಅಂತಾಳ ನೋಡ, ಎಂತ!" ಎಂದು ಅಣಕಿಸಿದರು. ಸಂಜೆ ಅವಳು ಅಡುಗೆಮನೆಗೆ ಹೋಗಿ, ಎಲ್ಲರ ನಡುವೆ, "ಅತ್ತೆ, ಗುಳಿಗೆ ತಗೋಬೇಕು, ನೀರು ಕೊಡ್ತೀರಾ?" ಎಂದಳು. ಅತ್ತಿಗೆ ಒಂದು ಗಳಿಗೆ ನಿಂತು, ಎದುರಿಗಿದ್ದ ನೀರಿನ ಚರಿಗೆಯನ್ನೇ ಅವಳ ಕೈಗೆ ಕೊಟ್ಟಳು. ಆಮೇಲೆ ಆ ಚರಿಗೆಯನ್ನು ಏನು ಮಾಡಿದಳೋ ನಾನು ನೋಡಲು ಹೋಗಲಿಲ್ಲ.

ಮಲಗುವ ಮುಂಚೆ ಅತ್ತಿಗೆ ನನ್ನ ಪಕ್ಕ ಬಂದು ಕೂತು, ಪ್ರೀತಿಯಿಂದಲೇ ಕೇಳಿದಳು, "ಮತ್ತ, ಯಾವಾಗ ಹೊಂಟ್ರಿ ನಿಮ್ಮೂರಿಗೆ?" ನಾನು ಹುಟ್ಟಿದ ಊರಿನಲ್ಲಿ, ನನ್ನ ಅಪ್ಪನ ಜಾಗದಲ್ಲಿ ಎದ್ದ ಮನೆಯಲ್ಲಿ ಕೂತು ನಾನು, "ನಾಳೆ ಹೋಗತೀವಿ" ಎಂದೆ.

ಶಿರಸಿಗೆ ಬಂದು ಇಳಿದು, ಗೇಟು ತೆಗೆಯುವಾಗ ಜೈತೂನಬಿ ಬಟ್ಟೆ ಒಣಗಿಸುತ್ತಿದ್ದರು. ಮುಖ ಅರಳಿಸಿ, "ಬಂದ್ರಾ? ನಿಮ್ಮೂರಲ್ಲಿ ಎಲ್ಲ ಹೇಗಿದಾರೆ?" ಎಂದರು.

"ಚೊಲೊ ಅದಾರ್ರಿ," ಎಂದೆ.

ಚೊಲೊ ಎಂದರೆ ಚೆನ್ನಾಗಿ. ಆ ಮಾತು ನಮ್ಮ ಕಡೆಯೂ ಇದೆ, ಇಲ್ಲಿಯ ತೋಟದ ಮನೆಗಳಲ್ಲೂ ಇದೆ. ನಾಲಿಗೆ ತಿರುಗಿಸಿಕೊಳ್ಳದೆ ಎರಡೂ ಊರಲ್ಲಿ ಹೇಳಬಹುದಾದ ಮಾತು ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿರುವುದು ಅದೊಂದೇ. ಅದು ನಿಜವೇ ಎಂದು ಎರಡೂ ಕಡೆಯವರು ಮುಂದೆ ಕೇಳುವುದಿಲ್ಲ.